ಪುಡಿಯೊಳಗೆ ಬಚ್ಚಿಟ್ಟ ಮಾತ್ರೆ

ನಮ್ಮ ಮನೆಗಳಲ್ಲಿ ಔಷಧಕ್ಕೆ ಬರ ಇಲ್ಲ. ನೆಗಡಿಗೆ ಶುಂಠಿ ಕಷಾಯ. ಹೊಟ್ಟೆ ಉಬ್ಬರಕ್ಕೆ ಓಮ. ಮಂಡಿ ನೋವಿಗೆ ಲಕ್ಕಿ ಸೊಪ್ಪಿನ ಶಾಖ. ಇದನ್ನೆಲ್ಲ ಅಜ್ಜಿ ಅಮ್ಮನಿಗೆ ಕಲಿಸಿದಳು. ಅಮ್ಮ ನಮಗೆ ಕಲಿಸಿದಳು. ಇದರಲ್ಲಿ ಏನು ಹಾಕಿದೆ ಅಂತ ನಮಗೆ ಗೊತ್ತು. ಕುಟ್ಟಿದವರು ನಾವೇ. ಕುದಿಸಿದವರು ನಾವೇ.

ಇನ್ನೊಂದು ಬಗೆಯ ಔಷಧ ಇದೆ. ಅದು ಪೊಟ್ಟಣದಲ್ಲಿ ಬರುತ್ತದೆ. ಸಂತೆಯಲ್ಲಿ ಸಿಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತದೆ. ಮನೆ ಬಾಗಿಲಿಗೂ ಬರುತ್ತದೆ. "ಬರೀ ಬೇರು, ನಾರು, ಸೊಪ್ಪು. ಏನೂ ತೊಂದರೆ ಇಲ್ಲ" ಎಂದು ಹೇಳಿ ಕೊಡುತ್ತಾರೆ. ಇದನ್ನು ಕುಟ್ಟಿದವರು ಯಾರೋ. ಏನು ಹಾಕಿದ್ದಾರೋ ನಮಗೆ ಗೊತ್ತಿಲ್ಲ. ಕೆಲವು ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನು ಅರೆದು ಬೆರೆಸಿರುತ್ತಾರೆ. ಬೆರೆಸಿದ್ದೇವೆ ಎಂದು ಹೇಳುವುದಿಲ್ಲ. ಚೀಟಿಯಲ್ಲೂ ಬರೆಯುವುದಿಲ್ಲ.

ಅಂಥ ಪುಡಿಯನ್ನು ಪತ್ತೆ ಮಾಡುವುದು ಹೇಗೆ? ನಮ್ಮಿಂದ ಆಗುವುದು ಏನು? ಪ್ರಯೋಗಾಲಯದಿಂದ ಆಗುವುದು ಏನು? ಈ ಪಾಠದಲ್ಲಿ ಅದನ್ನು ತಿಳಿಯೋಣ.

ಗೌರಮ್ಮನ ಮಂಡಿ ನೋವು

ಇದು ಪಾಠಕ್ಕಾಗಿ ಕಟ್ಟಿದ ಕಥೆ. ಆದರೆ ಇಂಥ ಗೌರಮ್ಮ ಯಾವ ಊರಲ್ಲಾದರೂ ಇರಬಹುದು.

ಗೌರಮ್ಮನಿಗೆ 48 ವರ್ಷ. ಕೂಲಿ ಕೆಲಸ. ನಾಟಿ ಹಾಕುತ್ತಾಳೆ, ಕಳೆ ತೆಗೆಯುತ್ತಾಳೆ. ಎರಡು ವರ್ಷದಿಂದ ಮಂಡಿ ನೋವು. ಕೂತರೆ ಏಳಲು ಆಗಲ್ಲ. ಎದ್ದರೆ ಕೂರಲು ಆಗಲ್ಲ. ಕೆಲಸಕ್ಕೆ ಹೋಗದಿದ್ದರೆ ಕೂಲಿ ಇಲ್ಲ.

ಪಕ್ಕದ ಮನೆ ಸಾವಿತ್ರಿ ಹೇಳಿದಳು: "ಗೌರಕ್ಕ, ಮಂಗಳವಾರ ಸಂತೆಗೆ ಒಬ್ರು ಪುಡಿ ತರ್ತಾರೆ. ನಮ್ಮತ್ತೆ ತಗೊಂಡ್ರು. ಎರಡೇ ದಿನಕ್ಕೆ ಎದ್ದು ಓಡಾಡ್ತಾ ಇದಾರೆ."

ಗೌರಮ್ಮ ಪುಡಿ ತಂದಳು. ಮೂರು ಹೊತ್ತು ತಗೊಂಡಳು. ಎರಡು ವರ್ಷದ ನೋವು ಮಾಯ! ಗೌರಮ್ಮ ಊರಿಗೆಲ್ಲ ಹೇಳಿದಳು.

ಐದು ತಿಂಗಳು ಕಳೆಯಿತು. ಮುಖ ದುಂಡಗಾಯಿತು. ಹಸಿವು ಹೆಚ್ಚಾಯಿತು. "ಗೌರಕ್ಕ ಮೈ ಕೈ ತುಂಬ್ಕೊಂಡಿದಾಳೆ" ಎಂದು ಎಲ್ಲರೂ ಅಂದರು. ಅವಳಿಗೂ ಖುಷಿ. ಆಮೇಲೆ ಹೊಟ್ಟೆ ಉರಿ ಶುರುವಾಯಿತು. ಕಾಲಿಗೆ ಚುಚ್ಚಿದ ಮುಳ್ಳಿನ ಗಾಯ ಮಾಯಲೇ ಇಲ್ಲ.

ಒಂದು ವಾರ ಪುಡಿಯವರು ಸಂತೆಗೆ ಬರಲಿಲ್ಲ. ಮನೆಯಲ್ಲಿದ್ದ ಪುಡಿ ಮುಗಿಯಿತು. ನೋವು ಮೊದಲಿಗಿಂತ ಜೋರಾಗಿ ಬಂತು. ವಾಂತಿ ಆಯಿತು. ತಲೆ ಸುತ್ತಿತು. ನಿಲ್ಲಲು ಶಕ್ತಿ ಇಲ್ಲ. ಮಗ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಬಿ.ಪಿ. ತುಂಬಾ ಇಳಿದಿತ್ತು.

ಡಾಕ್ಟರಮ್ಮ ಕೇಳಿದರು: "ಅಮ್ಮಾ, ಏನಾದ್ರೂ ಔಷಧ ತಗೋತಾ ಇದ್ರಾ?"

"ಇಲ್ಲ ಡಾಕ್ಟ್ರಮ್ಮ, ಏನೂ ಇಲ್ಲ."

"ನಾಟಿ ಔಷಧ? ಪುಡಿ, ಲೇಹ್ಯ?"

"ಮಂಡಿಗೆ ಒಂದು ಪುಡಿ ತಗೋತಿದ್ದೆ. ಅದು ಔಷಧ ಅಲ್ಲವಲ್ಲ, ಬರೀ ಬೇರು."

"ಅದರ ಪೊಟ್ಟಣ ಇದೆಯಾ?"

ಗೌರಮ್ಮನ ಎಲೆ ಅಡಿಕೆ ಚೀಲದಲ್ಲಿ ಒಂದು ಹಳೆ ಪೊಟ್ಟಣ ಇತ್ತು. ತಳದಲ್ಲಿ ಚಿಟಿಕೆ ಪುಡಿ ಉಳಿದಿತ್ತು. ಡಾಕ್ಟರಮ್ಮ ಅದನ್ನು ಎಸೆಯಲಿಲ್ಲ. ಜೋಪಾನವಾಗಿ ಎತ್ತಿಟ್ಟರು. ಅದರಲ್ಲಿ ಸ್ಟೀರಾಯ್ಡ್ ಇರಬಹುದು ಎಂದು ಅವರಿಗೆ ಅನುಮಾನ ಬಂದಿತ್ತು. ಅದಕ್ಕೆ ಸರಿಯಾದ ಚಿಕಿತ್ಸೆ ಶುರು ಮಾಡಿದರು. ಗೌರಮ್ಮ ಬದುಕಿಕೊಂಡಳು.

ಯಾವ ಪುಡಿಗೆ ಏನು ಬೆರೆಸುತ್ತಾರೆ?

ಕೆಳಗಿನ ಹೆಸರುಗಳು ಉದ್ದ. ಬಾಯಿಪಾಠ ಮಾಡಬೇಡಿ. ಒಂದೊಂದೇ ಅಕ್ಷರ ಕೂಡಿಸಿ ನಿಧಾನವಾಗಿ ಓದಿ.

ಮಂಡಿ ನೋವು, ಕೀಲು ನೋವು, ಉಬ್ಬಸದ ಪುಡಿಗೆ ಸ್ಟೀರಾಯ್ಡ್ ಬೆರೆಸುತ್ತಾರೆ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಎಂಬುವು ಸ್ಟೀರಾಯ್ಡ್‌ಗಳು.

ಮೈಕೈ ನೋವಿನ ಪುಡಿಗೆ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ಬೆರೆಸುತ್ತಾರೆ. ಇದು ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣು ಆಗುತ್ತದೆ. ಮೂತ್ರಪಿಂಡ ಕೆಡುತ್ತದೆ.

ಸಕ್ಕರೆ ಕಾಯಿಲೆಯ ಪುಡಿಗೆ ಗ್ಲಿಬೆನ್‌ಕ್ಲಮೈಡ್, ಮೆಟ್‌ಫಾರ್ಮಿನ್ ಬೆರೆಸುತ್ತಾರೆ. ಆಸ್ಪತ್ರೆಯಲ್ಲಿ ಕೊಡುವ ಸಕ್ಕರೆ ಮಾತ್ರೆಗಳು ಇವೇ. ಆಸ್ಪತ್ರೆ ಮಾತ್ರೆಯನ್ನೂ ನುಂಗಿ, ಈ ಪುಡಿಯನ್ನೂ ತಿಂದರೆ ಎರಡು ಪಾಲು ಆಯಿತು. ರಕ್ತದ ಸಕ್ಕರೆ ತಟ್ಟನೆ ಇಳಿಯಬಹುದು. ಪ್ರಜ್ಞೆ ತಪ್ಪಬಹುದು.

ಮೈ ಇಳಿಸುವ ಔಷಧಕ್ಕೆ ಸಿಬುಟ್ರಮಿನ್ ಬೆರೆಸುತ್ತಾರೆ. ಇದು ಹೃದಯಕ್ಕೆ ಅಪಾಯ. ನಮ್ಮ ದೇಶದಲ್ಲಿ 2011ರಲ್ಲಿ ಇದನ್ನು ನಿಷೇಧ ಮಾಡಿದರು.

ಗಂಡಸರ ಶಕ್ತಿಗೆ ಎಂದು ಮಾರುವ ಔಷಧಕ್ಕೆ ಸಿಲ್ಡೆನಾಫಿಲ್ ಬೆರೆಸುತ್ತಾರೆ. ಎದೆ ನೋವಿಗೆ ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಳ್ಳುವವರು ಇದ್ದಾರೆ. ಅಂಥವರು ಇದನ್ನು ತಿಂದರೆ ಬಿ.ಪಿ. ಪೂರಾ ಬಿದ್ದು ಜೀವಕ್ಕೇ ಅಪಾಯ. ಮನೆಯ ಗಂಡಸರಿಗೂ ಈ ಮಾತು ಹೇಳಿ. ನಾಚಿಕೆ ಬೇಡ.

ಯಾಕೆ ಬೆರೆಸುತ್ತಾರೆ?

ಬೇರು ಸೊಪ್ಪಿನ ಔಷಧ ನಿಧಾನವಾಗಿ ಕೆಲಸ ಮಾಡುತ್ತದೆ. ಜನರಿಗೆ ಬೇಗ ಗುಣ ಬೇಕು. ಸ್ಟೀರಾಯ್ಡ್ ಮಾತ್ರೆ ಬಹಳ ಅಗ್ಗ. ಸ್ವಲ್ಪ ಬೆರೆಸಿದರೆ ಸಾಕು, ಒಂದೆರಡು ದಿನದಲ್ಲಿ ನೋವು ಹೋಗುತ್ತದೆ. ಪುಡಿಗೆ ಹೆಸರು ಬರುತ್ತದೆ. ಹತ್ತು ಊರಿನ ಜನ ಹುಡುಕಿಕೊಂಡು ಬರುತ್ತಾರೆ.

ಎಲ್ಲ ನಾಟಿ ವೈದ್ಯರೂ ಹೀಗೆ ಮಾಡುವುದಿಲ್ಲ. ಗಿಡಮೂಲಿಕೆಯ ವಿದ್ಯೆ ದೊಡ್ಡದು. ಕದ್ದು ಬೆರೆಸುವವರು ಆ ವಿದ್ಯೆಗೂ ಕೆಟ್ಟ ಹೆಸರು ತರುತ್ತಾರೆ.

ಸ್ಟೀರಾಯ್ಡ್ ಅಂದರೆ ವಿಷವೇ?

ಅಲ್ಲ. ಉಬ್ಬಸ ಜೋರಾದಾಗ ಡಾಕ್ಟರೇ ಸ್ಟೀರಾಯ್ಡ್ ಕೊಡುತ್ತಾರೆ. ಅದರಿಂದ ಜೀವ ಉಳಿಯುತ್ತದೆ. ಆದರೆ ಅವರು ಅಳತೆ ನೋಡಿ ಕೊಡುತ್ತಾರೆ. ಇಷ್ಟೇ ದಿನ ಎಂದು ಹೇಳುತ್ತಾರೆ. ಬಿ.ಪಿ., ಸಕ್ಕರೆ ನೋಡುತ್ತಾರೆ. ಪುಡಿಯಲ್ಲಿ ಬಚ್ಚಿಟ್ಟರೆ ಅಳತೆಯೂ ಇಲ್ಲ, ದಿನದ ಲೆಕ್ಕವೂ ಇಲ್ಲ. ತಿಂಗಳುಗಟ್ಟಲೆ ತಿಂದರೆ ಮುಖ ದುಂಡಗಾಗುತ್ತದೆ. ಬಿ.ಪಿ. ಏರುತ್ತದೆ. ಸಕ್ಕರೆ ಏರುತ್ತದೆ. ಮೂಳೆ ಸವೆಯುತ್ತದೆ. ಗಾಯ ಬೇಗ ಮಾಯುವುದಿಲ್ಲ.

ಗೌರಮ್ಮ ಪುಡಿ ತಿನ್ನುವಾಗ ಬೀಳಲಿಲ್ಲ. ಪುಡಿ ನಿಂತಾಗ ಬಿದ್ದಳು. ಯಾಕೆ?

ನಮ್ಮ ಎರಡು ಮೂತ್ರಪಿಂಡಗಳ ಮೇಲೆ ಎರಡು ಚಿಕ್ಕ ಗ್ರಂಥಿಗಳಿವೆ. ಸ್ಟೀರಾಯ್ಡ್‌ನಂಥ ಒಂದು ರಸವನ್ನು ಅವು ದಿನವೂ ತಯಾರು ಮಾಡುತ್ತವೆ. ಆ ರಸ ಇಲ್ಲದೆ ನಾವು ಬದುಕುವುದಿಲ್ಲ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಾ ಇದ್ದರೆ ಈ ಗ್ರಂಥಿಗಳು ಕೆಲಸ ಬಿಡುತ್ತವೆ.

ಹೀಗೆ ಯೋಚಿಸಿ. ಮನೆಗೆ ನಲ್ಲಿ ಬಂತು. ಬಾವಿಯ ನೀರು ಸೇದುವುದನ್ನು ಬಿಟ್ಟೆವು. ಬಾವಿಯಲ್ಲಿ ಹೂಳು ತುಂಬಿತು. ಒಂದು ದಿನ ನಲ್ಲಿ ನಿಂತಿತು. ಬಾವಿಗೆ ಹೋದರೆ ಅಲ್ಲೂ ನೀರಿಲ್ಲ. ಹೂಳು ತೆಗೆಯಲು ದಿನ ಬೇಕು. ಮೈಯ ಕಥೆಯೂ ಹೀಗೆಯೇ. ಗ್ರಂಥಿಗಳು ಮತ್ತೆ ಎಚ್ಚರ ಆಗಲು ವಾರಗಳು ಬೇಕು, ತಿಂಗಳುಗಳೂ ಬೇಕಾಗಬಹುದು.

ಆದ್ದರಿಂದ ಈ ಮಾತನ್ನು ಗಟ್ಟಿಯಾಗಿ ಓದಿ: ಬಹಳ ದಿನದಿಂದ ತಿನ್ನುತ್ತಿರುವ ಪುಡಿಯ ಮೇಲೆ ಅನುಮಾನ ಬಂದರೆ, ನಾವೇ ತಟ್ಟನೆ ನಿಲ್ಲಿಸಬಾರದು. ಪೊಟ್ಟಣ ಹಿಡಿದು ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಹೇಗೆ ಬಿಡಬೇಕು ಎಂದು ಅವರು ಹೇಳುತ್ತಾರೆ.

ಬೇರೆ ದೇಶಗಳಲ್ಲೂ ಇದೆ

ಈ ಕಳ್ಳತನ ನಮ್ಮಲ್ಲಿ ಮಾತ್ರ ಅಲ್ಲ. ತೈವಾನ್ ಎಂಬ ದೇಶದಲ್ಲಿಯೂ ನಾಟಿ ಔಷಧ ತಿನ್ನುವವರು ಬಹಳ. ಅಲ್ಲಿ ಎಂಟು ದೊಡ್ಡ ಆಸ್ಪತ್ರೆಗಳಿಂದ 2609 ನಾಟಿ ಔಷಧಗಳನ್ನು ಸೇರಿಸಿ ಪರೀಕ್ಷೆ ಮಾಡಿದರು. 1997ರಲ್ಲಿ ಅದರ ವರದಿ ಬಂತು. 100ಕ್ಕೆ ಸುಮಾರು 24ರಲ್ಲಿ ಇಂಗ್ಲಿಷ್ ಔಷಧ ಬೆರೆಸಿದ್ದರು. ಹಾಗೆ ಬೆರೆಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎರಡು ಅಥವಾ ಅದಕ್ಕಿಂತ ಹೆಚ್ಚು ಔಷಧ ಇದ್ದವು.

ಸಿಂಗಪುರದಲ್ಲಿ ನಡೆದದ್ದು ಇನ್ನೂ ಕೆಟ್ಟದ್ದು. 2008ರ ಮೊದಲ ಐದು ತಿಂಗಳಲ್ಲಿ 150 ಜನ ಆಸ್ಪತ್ರೆಗೆ ಬಂದರು. ಎಲ್ಲರಿಗೂ ರಕ್ತದಲ್ಲಿ ಸಕ್ಕರೆ ಪೂರಾ ಇಳಿದಿತ್ತು. ಆದರೆ ಅವರಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ! ಡಾಕ್ಟರಿಗೆ ಅನುಮಾನ ಬಂತು. ರಕ್ತ ಪರೀಕ್ಷೆ ಮಾಡಿದರು. ಗ್ಲಿಬೆನ್‌ಕ್ಲಮೈಡ್ ಸಿಕ್ಕಿತು. ಅದು ಬಂದದ್ದು ಗಂಡಸರ ಶಕ್ತಿಗೆ ಎಂದು ಕದ್ದು ಮಾರುತ್ತಿದ್ದ ಔಷಧಗಳಿಂದ. ಅವುಗಳಲ್ಲಿ ಗಿಡಮೂಲಿಕೆ ಎಂದು ಮಾರಿದ್ದೂ ಇತ್ತು. ಏಳು ಜನರ ಮಿದುಳಿಗೆ ಪೆಟ್ಟು ಬಿತ್ತು, ಅವರಿಗೆ ಪ್ರಜ್ಞೆ ಮರಳಲಿಲ್ಲ. ಅವರಲ್ಲಿ ನಾಲ್ಕು ಜನ ತೀರಿಕೊಂಡರು. ಆ ಔಷಧ ತಿಂದದ್ದು ನಿಜ ಎಂದು ಒಪ್ಪಿಕೊಂಡವರು 150 ಜನರಲ್ಲಿ ಅರ್ಧದಷ್ಟೂ ಇಲ್ಲ. ನಾಚಿಕೆಯಿಂದ ಬಾಯಿ ಮುಚ್ಚಿದರೆ ಪತ್ತೆ ತಡ ಆಗುತ್ತದೆ.

ನಾಲಿಗೆಗೆ ಗೊತ್ತಾಗುತ್ತದೆಯೇ?

ಗೊತ್ತಾಗುವುದಿಲ್ಲ. ಒಂದು ಚಿಕ್ಕ ಡೆಕ್ಸಾಮೆಥಾಸೋನ್ ಮಾತ್ರೆಯಲ್ಲಿ ಔಷಧ ಇರುವುದು ಅರ್ಧ ಮಿಲಿಗ್ರಾಂ. ಒಂದು ಗ್ರಾಂ ಅಂದರೆ ಒಂದು ಚಿಟಿಕೆ. ಅದನ್ನು 2000 ಪಾಲು ಮಾಡಿ. ಅದರಲ್ಲಿ ಒಂದು ಪಾಲು, ಅಷ್ಟೇ. ಕಹಿ ಬೇರಿನ ಪುಡಿಯಲ್ಲಿ ಅಷ್ಟನ್ನು ಬೆರೆಸಿದರೆ ಕಣ್ಣಿಗೆ ಕಾಣದು, ಮೂಗಿಗೆ ಬಾರದು. ನೀರಿಗೆ ಹಾಕಿ ನೋಡಿದರೂ ತಿಳಿಯದು. ಬೆಂಕಿಗೆ ಹಾಕಿ ನೋಡಿದರೂ ತಿಳಿಯದು.

ಹಾಗಾದರೆ ಪ್ರಯೋಗಾಲಯದಲ್ಲಿ ಹೇಗೆ ಪತ್ತೆ ಮಾಡುತ್ತಾರೆ? ನಮ್ಮ ಕಲಿಕೆ ಕೇಂದ್ರದಲ್ಲೇ ಒಂದು ಆಟ ಆಡಿ ನೋಡೋಣ.

ಮಾಡಿ ನೋಡಿ

ಒಂದು ಬಿಳಿ ಸೀಮೆಸುಣ್ಣ ತಗೊಳ್ಳಿ. ಕಪ್ಪು ಸ್ಕೆಚ್ ಪೆನ್ನಿನಿಂದ ಅದರ ಸುತ್ತ ಒಂದು ಗೆರೆ ಎಳೆಯಿರಿ. ಗೆರೆ ಬುಡದಿಂದ ಎರಡು ಬೆರಳು ಮೇಲೆ ಇರಲಿ. ಒಂದು ತಟ್ಟೆಗೆ ಸ್ವಲ್ಪ ನೀರು ಹಾಕಿ. ಸೀಮೆಸುಣ್ಣವನ್ನು ಅದರಲ್ಲಿ ನಿಲ್ಲಿಸಿ. ನೀರು ಗೆರೆಗೆ ತಾಗಬಾರದು.

ಈಗ ಕಾದು ನೋಡಿ. ನೀರು ಸೀಮೆಸುಣ್ಣದೊಳಗೆ ಮೆಲ್ಲಗೆ ಮೇಲೆ ಏರುತ್ತದೆ. ಕಪ್ಪು ಗೆರೆಯನ್ನೂ ಎಳೆದುಕೊಂಡು ಹೋಗುತ್ತದೆ. ಆಮೇಲೆ ಕಪ್ಪು ಬಿಡಿಬಿಡಿ ಆಗುತ್ತದೆ. ನೀಲಿ ಒಂದು ಕಡೆ, ಕೆಂಪು ಒಂದು ಕಡೆ, ಹಳದಿ ಒಂದು ಕಡೆ ಕಾಣಬಹುದು. ಪೆನ್ನು ಬೇರೆ ಆದರೆ ಬಣ್ಣವೂ ಬೇರೆ.

ನಾವು ಒಂದೇ ಬಣ್ಣ ಎಂದುಕೊಂಡಿದ್ದೆವು. ಅದರೊಳಗೆ ಹಲವು ಬಣ್ಣ ಅಡಗಿದ್ದವು. ಕೆಲವು ಬಣ್ಣ ನೀರಿನ ಜೊತೆ ಬೇಗ ಓಡಿದವು. ಕೆಲವು ಹಿಂದೆ ಉಳಿದವು.

ಪ್ರಯೋಗಾಲಯದಲ್ಲೂ ಮಾಡುವುದು ಇಂಥದ್ದೇ. ಅಲ್ಲಿ ಸೀಮೆಸುಣ್ಣದ ಬದಲು ಗಾಜಿನ ಹಲಗೆ ಇರುತ್ತದೆ. ಅದರ ಮೇಲೆ ತೆಳ್ಳಗೆ ಬಿಳಿ ಪುಡಿ ಬಳಿದಿರುತ್ತಾರೆ. ಅನುಮಾನದ ಔಷಧವನ್ನು ಒಂದು ದ್ರವದಲ್ಲಿ ಕರಗಿಸಿ, ಸೋಸಿ, ಹಲಗೆಯ ಮೇಲೆ ಒಂದು ಚುಕ್ಕೆ ಇಡುತ್ತಾರೆ. ಅದರ ಪಕ್ಕದಲ್ಲಿ ನಿಜವಾದ ಸ್ಟೀರಾಯ್ಡ್‌ನ ಒಂದು ಚುಕ್ಕೆ ಇಡುತ್ತಾರೆ. ರಂಗೋಲಿಯ ಚುಕ್ಕೆಗಳ ಹಾಗೆ, ಒಂದೇ ಸಾಲಿನಲ್ಲಿ. ಹಲಗೆಯ ಬುಡವನ್ನು ದ್ರವದಲ್ಲಿ ನಿಲ್ಲಿಸುತ್ತಾರೆ. ದ್ರವ ಏರುತ್ತದೆ, ಚುಕ್ಕೆಗಳೂ ಏರುತ್ತವೆ. ನೇರಳಾತೀತ ಬೆಳಕು ಎಂಬ ವಿಶೇಷ ಬೆಳಕಿನಲ್ಲಿ ನೋಡುತ್ತಾರೆ. ಪುಡಿಯ ಒಂದು ಚುಕ್ಕೆ ಸ್ಟೀರಾಯ್ಡ್ ಚುಕ್ಕೆಯ ಎತ್ತರಕ್ಕೇ ಬಂದು ನಿಂತರೆ ಕಳ್ಳನ ಜಾಡು ಸಿಕ್ಕ ಹಾಗೆ. ಆಮೇಲೆ ದೊಡ್ಡ ಯಂತ್ರದಲ್ಲಿ ಖಾತ್ರಿ ಮಾಡುತ್ತಾರೆ. ಆ ಯಂತ್ರ ಔಷಧದ ಅತಿ ಸಣ್ಣ ಕಣದ ತೂಕವನ್ನೂ ಹೇಳುತ್ತದೆ.

ಇಲ್ಲಿ ಒಂದು ಮುಖ್ಯ ಮಾತು ಇದೆ. ಪಕ್ಕದಲ್ಲಿ ಯಾವ ಔಷಧದ ಚುಕ್ಕೆ ಇಡಬೇಕು? ಅದನ್ನು ಮೊದಲೇ ಅಂದಾಜು ಮಾಡಬೇಕು. ಆ ಅಂದಾಜು ಬರುವುದು ಪುಡಿ ತಿಂದವರ ಮಾತಿನಿಂದ. "ಮುಖ ಊದಿತು" ಎಂದರೆ ಸ್ಟೀರಾಯ್ಡ್ ಹುಡುಕುತ್ತಾರೆ. "ಬೆವರಿ ನಡುಗಿದೆ" ಎಂದರೆ ಸಕ್ಕರೆ ಮಾತ್ರೆ ಹುಡುಕುತ್ತಾರೆ. ಪತ್ತೆ ಕೆಲಸ ಶುರುವಾಗುವುದು ನಮ್ಮಿಂದಲೇ.

ಯಾವಾಗ ಅನುಮಾನ ಪಡಬೇಕು?

1. ವರ್ಷಗಳ ನೋವು ಒಂದೆರಡು ದಿನದಲ್ಲಿ ಪೂರಾ ಹೋದಾಗ.
2. ಪುಡಿ ಬಿಟ್ಟ ಕೂಡಲೇ ನೋವು ಜೋರಾಗಿ ಬಂದಾಗ.
3. ಮುಖ ದುಂಡಗಾಗಿ, ಹಸಿವು, ತೂಕ ಹೆಚ್ಚಿದಾಗ.
4. ಹೊಟ್ಟೆ ಉರಿ ಬಂದಾಗ, ಮಲ ಟಾರಿನ ಹಾಗೆ ಕಪ್ಪಾದಾಗ.
5. ತಟ್ಟನೆ ಬೆವರು, ನಡುಕ, ಕಣ್ಣು ಕತ್ತಲೆ ಬಂದಾಗ.
6. ಒಂದೇ ಪುಡಿ ಹತ್ತು ಕಾಯಿಲೆಗೆ ಎಂದು ಹೇಳಿದಾಗ.

ಐದನೆಯದು ಸಕ್ಕರೆ ಇಳಿದ ಗುರುತು ಇರಬಹುದು. ಎಚ್ಚರ ಇದ್ದವರಿಗೆ ತಕ್ಷಣ ಸಕ್ಕರೆ ನೀರು ಅಥವಾ ಬೆಲ್ಲ ಕೊಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ.

ಚೀಟಿ ಓದಿ

ಈಗ ನಮಗೆ ಓದು ಬರುತ್ತದೆ. ಅಂಗಡಿಯಲ್ಲಿ ಮಾರುವ ಆಯುರ್ವೇದ ಔಷಧದ ಮೇಲೆ ಇವು ಇರಲೇಬೇಕು: ಏನೇನು ಹಾಕಿದೆ ಎಂಬ ಪಟ್ಟಿ. ತಯಾರಿಸಿದವರ ಹೆಸರು, ವಿಳಾಸ. ಲೈಸೆನ್ಸ್ ನಂಬರ್. ಬ್ಯಾಚ್ ನಂಬರ್. ತಯಾರಾದ ದಿನ, ಮುಗಿಯುವ ದಿನ. ಇಂಗ್ಲಿಷಿನಲ್ಲಿ ಇದ್ದರೆ ಶಾಲೆಗೆ ಹೋಗುವ ಮಕ್ಕಳ ಕೈಲಿ ಓದಿಸಿ.

ಚೀಟಿ ಇದ್ದ ಮಾತ್ರಕ್ಕೆ ಎಲ್ಲ ಸರಿ ಎಂದಲ್ಲ. ಚೀಟಿಯೇ ಇಲ್ಲದಿದ್ದರೆ ಕೇಳಲು ಯಾರೂ ಸಿಗುವುದಿಲ್ಲ. ಬಿಡಿ ಪುಡಿ ಕೊಟ್ಟರೆ, "ಇದರಲ್ಲಿ ಏನೇನು ಇದೆ, ಬರೆದು ಸಹಿ ಹಾಕಿ ಕೊಡಿ" ಎಂದು ಕೇಳಿ. ಕೊಡುವುದಿಲ್ಲ ಎಂದರೆ ಬೇಡ ಎಂದು ಎದ್ದು ಬನ್ನಿ.

ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ರೋಗಗಳನ್ನು ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಹಾಕುವುದು ಕಾನೂನಿಗೆ ವಿರುದ್ಧ. ಈ ಕಾನೂನು 1954ರಲ್ಲೇ ಬಂದಿದೆ. ಗೋಡೆ ಮೇಲೆ ಅಂಥ ಬರಹ ಕಂಡರೆ ಓದಿ, ಆದರೆ ನಂಬಬೇಡಿ.

ಅನುಮಾನ ಬಂದರೆ ಏನು ಮಾಡಬೇಕು?

ಪುಡಿ ಎಸೆಯಬೇಡಿ. ಪೊಟ್ಟಣದ ಸಮೇತ ಒಣ ಡಬ್ಬಿಯಲ್ಲಿ ಇಡಿ. ಒಂದು ಚೀಟಿ ಬರೆದು ಅದರ ಜೊತೆ ಇಡಿ. ಎಲ್ಲಿ ಕೊಂಡಿರಿ, ಯಾವತ್ತು ಕೊಂಡಿರಿ, ಎಷ್ಟು ದಿನ ತಿಂದಿರಿ ಎಂದು ಬರೆಯಿರಿ. ಅದನ್ನು ಹಿಡಿದು ಸರಕಾರಿ ಆಸ್ಪತ್ರೆಗೆ ಹೋಗಿ. ಡಾಕ್ಟರು "ಏನು ಔಷಧ ತಗೋತೀರಿ?" ಎಂದರೆ ಪುಡಿ, ಲೇಹ್ಯ, ಎಣ್ಣೆ ಎಲ್ಲ ಹೇಳಿ. ಔಷಧದಿಂದ ತೊಂದರೆ ಆದರೆ ತಿಳಿಸಲು 1800-180-3024 ಎಂಬ ನಂಬರ್ ಇದೆ. ದುಡ್ಡು ಬೀಳುವುದಿಲ್ಲ. ಔಷಧ ನಿಯಂತ್ರಣ ಅಧಿಕಾರಿಗೂ ದೂರು ಕೊಡಬಹುದು. ಪುಡಿಯನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಅವರಿಗೆ ಇದೆ.

ಗೌರಮ್ಮನ ಮಂಡಿ ಇನ್ನೂ ಸ್ವಲ್ಪ ನೋಯುತ್ತದೆ. ನಿಜ ಹೇಳಬೇಕಲ್ಲ. ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮ ಮಾಡುತ್ತಾಳೆ. ಲಕ್ಕಿ ಸೊಪ್ಪಿನ ಶಾಖ ಕೊಡುತ್ತಾಳೆ. ಸಾವಿತ್ರಿಯ ಅತ್ತೆಯನ್ನು ಅವಳೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು.

ಹೊಸ ಪದಗಳು

ಸ್ಟೀರಾಯ್ಡ್: ಊತ, ನೋವು, ಉಬ್ಬಸವನ್ನು ಬೇಗ ಇಳಿಸುವ ಬಲವಾದ ಔಷಧ.
ಗ್ರಂಥಿ: ಮೈಗೆ ಬೇಕಾದ ರಸ ತಯಾರಿಸುವ ಅಂಗ.
ಮೂತ್ರಪಿಂಡ: ಕಿಡ್ನಿ.
ಪ್ರಯೋಗಾಲಯ: ಪರೀಕ್ಷೆ ಮಾಡುವ ಜಾಗ, ಲ್ಯಾಬ್.
ಮಿಲಿಗ್ರಾಂ: ಒಂದು ಗ್ರಾಂನ 1000 ಪಾಲಿನಲ್ಲಿ ಒಂದು ಪಾಲು.

ಓದಿ, ಉತ್ತರ ಹೇಳಿ

1. ಗೌರಮ್ಮನ ಮುಖ ಯಾಕೆ ದುಂಡಗಾಯಿತು?
2. ಬಹಳ ದಿನ ತಿಂದ ಪುಡಿಯನ್ನು ತಟ್ಟನೆ ಯಾಕೆ ಬಿಡಬಾರದು?
3. ಸೀಮೆಸುಣ್ಣದ ಮೇಲೆ ಕಪ್ಪು ಗೆರೆ ಏನಾಯಿತು?
4. ಔಷಧದ ಚೀಟಿಯಲ್ಲಿ ಏನೇನು ಇರಬೇಕು?

ಬರೆಯಿರಿ

ನಿಮ್ಮ ಮನೆಯಲ್ಲಿ ಈಗ ಇರುವ ಪುಡಿ, ಲೇಹ್ಯ, ಮಾತ್ರೆಗಳನ್ನೆಲ್ಲ ಹೊರಗೆ ತೆಗೆಯಿರಿ. ಒಂದೊಂದರ ಹೆಸರು ಬರೆಯಿರಿ. ಯಾರು ತಿನ್ನುತ್ತಾರೆ, ಎಷ್ಟು ದಿನದಿಂದ ಎಂದು ಬರೆಯಿರಿ. ಹೆಸರೇ ಇಲ್ಲದ್ದು ಇದ್ದರೆ ಅದರ ಮುಂದೆ ಒಂದು ಗುರುತು ಹಾಕಿ. ಆಸ್ಪತ್ರೆಗೆ ಹೋಗುವಾಗ ಈ ಪಟ್ಟಿ ಕೈಯಲ್ಲಿರಲಿ.